ಕಾರಿಗೆ ಭಾರವಾದವರು

ನನ್ನ ಗಂಡ ಹೈಬ್ರಿಡ್ ಕಾರು ತಂದ ದಿನ ಅದಕ್ಕೆ ಆರತಿ ಎತ್ತಿದವರು ನನ್ನ ಅತ್ತೆ. ಗಾಲಿಗಳ ಕೆಳಗೆ ನಿಂಬೆಹಣ್ಣು ಇಡಿಸಿದರು, ಬಾನೆಟ್ಟಿನ ಮೇಲೆ ವಿಭೂತಿ ಎಳೆದರು. ಆಮೇಲೆ ಮುಂದಿನ ಬಾಗಿಲು ತೆಗೆಸಿ, ಮೊಣಕಾಲು ಹಿಡಿದುಕೊಂಡು ಮೆಲ್ಲಗೆ ಒಳಗೆ ಕುಳಿತು, "ಇದು ನನ್ನ ಜಾಗಾ. ಇಲ್ಲಿ ಮತ್ತ ಯಾರೂ ಕುಂಡ್ರಬಾರದು" ಅಂದರು. ಯಾರೂ ಅಂದರೆ ನಾನು. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು. ಮನೆಯಲ್ಲಿ ಇದ್ದದ್ದು ನಾವು ಮೂವರೇ.

ಹಾನಗಲ್ಲಿನಲ್ಲಿ ನಮ್ಮದು ಬೀಜ, ಗೊಬ್ಬರದ ಅಂಗಡಿ. ಶಿಗ್ಗಾವಿಯಲ್ಲಿ ಅಂಥದೇ ಅಂಗಡಿ ಇಟ್ಟಿದ್ದ ಗೆಳೆಯನೊಬ್ಬ ಈ ಕಾರು ಕೊಂಡಿದ್ದ. ಅವನು ಕೊಂಡನೆಂದೇ ಇವರೂ ಕೊಂಡರು. ಪೆಟ್ರೋಲಿನ ಎಂಜಿನ್ನೂ ಬ್ಯಾಟರಿಯ ಮೋಟರೂ ಎರಡೂ ಇರುವ ಕಾರು ಅದು. ಮೆಲ್ಲಗೆ ಹೋಗುವಾಗ ಎಂಜಿನ್ ತಾನೇ ಬಂದಾಗಿ ಬ್ಯಾಟರಿಯ ಮೇಲೆ ಸದ್ದಿಲ್ಲದೆ ಓಡುತ್ತದೆ. ಬ್ರೇಕ್ ಒತ್ತಿದರೆ, ಇಳಿಜಾರಿನಲ್ಲಿ ಬಿಟ್ಟರೆ, ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಲೀಟರಿಗೆ ಎಷ್ಟು ಕಿಲೋಮೀಟರ್ ಬರುತ್ತಿದೆ ಅನ್ನುವುದನ್ನು ಸ್ಟೇರಿಂಗಿನ ಹಿಂದಿನ ಪರದೆ ತೋರಿಸುತ್ತಲೇ ಇರುತ್ತದೆ. ಗೆಳೆಯರಿಬ್ಬರೂ ಆ ಪರದೆಯ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸುವುದಕ್ಕೆ ಶುರುಮಾಡಿದರು. ಮೊದಮೊದಲು ವಾರಕ್ಕೊಮ್ಮೆ. ಆಮೇಲೆ ಗಾಡಿ ನಿಂತಲ್ಲೆಲ್ಲ.

ಇವರು ಕಾರು ನಡೆಸುವುದನ್ನು ಹೊಸದಾಗಿ ಕಲಿತರು. ಪೆಡಲ್ ಎಷ್ಟು ಒತ್ತಿದೆ ಎಂದು ಗೊತ್ತಾಗಲಿ ಅಂತ ಚಪ್ಪಲಿ ಬಿಚ್ಚಿಟ್ಟು ಬರಿಗಾಲಿನಲ್ಲಿ ಕೂರುತ್ತಿದ್ದರು. ಎದುರಿಗೆ ಎಮ್ಮೆಯ ಹಿಂಡು ಕಂಡರೆ ಅಷ್ಟು ದೂರದಿಂದಲೇ ಕಾಲು ತೆಗೆದು ಕಾರನ್ನು ಜಾರಲು ಬಿಡುತ್ತಿದ್ದರು. ನಾವು ಹತ್ತಿರ ಬರುವ ಹೊತ್ತಿಗೆ ಎಮ್ಮೆಗಳು ರಸ್ತೆ ದಾಟಿರುತ್ತಿದ್ದವು. ಸ್ವಲ್ಪ ವೇಗ ಕೊಟ್ಟು, ಕಾಲು ತೆಗೆದು, ಮತ್ತೆ ಹೆಬ್ಬೆರಳ ತುದಿಯಿಂದ ಮುಟ್ಟಿ ಹೋಗುವ ಆ ನಡೆ ನೋಡಲು ಚೆಂದವೇ ಇತ್ತು. ನನ್ನ ಕೈಯನ್ನು ಇವರು ಅಷ್ಟು ಮೆತ್ತಗೆ ಮುಟ್ಟಿದ್ದು ನನಗೆ ನೆನಪಿಲ್ಲ. ಗೊಟಗೋಡಿಯ ಹತ್ತಿರ ಹೆದ್ದಾರಿಯಲ್ಲಿ ಹಿಂದಿನ ಲಾರಿಗಳು ಹಾರ್ನ್ ಹೊಡೆದು ಬೈದು ಹೋಗುತ್ತಿದ್ದವು. ಇವರ ಕಣ್ಣು ಪರದೆ ಬಿಟ್ಟು ಅಲುಗುತ್ತಿರಲಿಲ್ಲ.

ಏ.ಸಿ. ಹಾಕಿದರೆ ಅಂಕಿ ಇಳಿಯುತ್ತದೆ ಅಂತ ಏ.ಸಿ. ಇಲ್ಲ. ಕಿಟಕಿ ತೆಗೆದರೆ ಗಾಳಿ ಹಿಡಿದು ಎಳೆಯುತ್ತದೆ ಅಂತ ಕಿಟಕಿಯೂ ಇಲ್ಲ. ಬೇಸಿಗೆಯ ಮಧ್ಯಾಹ್ನ ಆ ಮುಚ್ಚಿದ ಕಾರಿನಲ್ಲಿ ಅತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಬೆವರು ಗಲ್ಲದಿಂದ ಇಳಿಯುತ್ತಿದ್ದರೂ, "ನನ್ನ ಮಗ ಕಾರ್ ಹೊಡಿಯೂದಂದ್ರ ಹಾಲ ಕಾಸಿದಂಗ. ಒಂದ ಹನಿ ಚೆಲ್ಲಂಗಿಲ್ಲ" ಅನ್ನುತ್ತಿದ್ದರು. ನಾನು ಉಸ್ಸೆಂದರೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ನಿಮ್ಮಪ್ಪನ ಮನ್ಯಾಗ ಏ.ಸಿ. ಇತ್ತೇನವಾ?" ಎಂದು ಕೇಳುತ್ತಿದ್ದರು.

ಭಾರ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಇವರು ಸ್ಟೆಪ್ನಿ ಟೈರನ್ನು ತೆಗೆದು ಹಿತ್ತಲಿಗೆ ಉರುಳಿಸಿದರು. ಅತ್ತೆ ಅದರ ಮೇಲೆ ಸಂಡಿಗೆಯ ಮೊರ ಇಟ್ಟು ಒಣಗಿಸಿದರು. ಜಾಕು ಹೋಯಿತು, ಕಾಲಡಿಯ ಚಾಪೆಗಳು ಹೋದವು. ಆ ಸುಗ್ಗಿಯಲ್ಲಿ ಹಿರೇಕೆರೂರಿಗೆ, ನನ್ನ ತವರಿಗೆ ಹೋದಾಗ, ಅವ್ವ ಹೊಸ ಅಕ್ಕಿಯ ಚೀಲವೊಂದನ್ನು ಡಿಕ್ಕಿಯಲ್ಲಿ ಇಡಿಸಿದಳು. ಹೊರಡುವ ಮುಂಚೆ ಇವರು ಡಿಕ್ಕಿ ತೆಗೆದು ನೋಡಿ, ಚೀಲವನ್ನು ಎಳೆದು ಕಟ್ಟೆಯ ಮೇಲೆ ಒಗೆದರು. ಅವ್ವ ಸೆರಗು ಹೊದ್ದು ಬಂದು, "ಏನರ ತಪ್ಪಾತೇನ್ರಿ?" ಎಂದು ಅಳಿಯನನ್ನು ಕೇಳಿದಳು. ಇವರು ಡಿಕ್ಕಿ ಮುಚ್ಚಿದರು. ಅತ್ತೆ ಮುಂದಿನ ಸೀಟಿನಿಂದಲೇ, "ನಮ್ಮಲ್ಲೇನ ಅಕ್ಕಿಗೆ ಬರಗಾಲ ಬಿದ್ದೈತೇನ ಬೀಗತಿ?" ಅಂದರು. ತಿರುಗಿ ಬರುವಾಗ ಒಂದು ಏರಿನ ಬುಡದಲ್ಲಿ ಕಾರು ನಿಲ್ಲಿಸಿ ನನ್ನನ್ನು ಇಳಿಸಿದರು. ನಾನು ಬಿಸಿಲಲ್ಲಿ ಏರು ಹತ್ತಿ ಬರುವ ತನಕ ಮೇಲೆ ಕಾದರು. ನಾನು ಏದುಸಿರು ಬಿಡುತ್ತ ಬಾಗಿಲು ತೆಗೆದಾಗ ಅತ್ತೆ ನಗುತ್ತಿದ್ದರು. "ನಡದರ ಸೊಂಟ ಗಟ್ಟಿ ಆಕ್ಕೈತಿ ತಗೋ."

ಇದೆಲ್ಲ ಹೇಳಿದ್ದು, ಮುಂದಿನದು ಯಾರ ಮೇಲೆ ಬಿತ್ತು ಎಂದು ತಿಳಿಯಲಿ ಅಂತ.

ಸವಣೂರಿನಲ್ಲಿ ಅತ್ತೆಯ ತಂಗಿಯ ಮನೆ. ಅಲ್ಲಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯವಿತ್ತು. ಅತ್ತೆ ವಾರದ ಮೊದಲೇ ತಂಗಿಗೆ ಫೋನ್ ಮಾಡಿ, ಮಗನ ಕಾರಿನಲ್ಲಿ ಬರುವುದಾಗಿ ಎರಡೆರಡು ಸಲ ಹೇಳಿದ್ದರು. ಆ ದಿನ ಇಳಕಲ್ ಸೀರೆ ಉಟ್ಟು, ಕೂಸಿಗೆ ಹೊಲಿಸಿದ ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಜಾಗದಲ್ಲಿ ಕುಳಿತರು. ಬಂಕಾಪುರ ದಾಟುವ ತನಕ ಎಲ್ಲ ಸರಿ ಇತ್ತು. ಆಗ ಇವರ ಮೊಬೈಲು ಸದ್ದು ಮಾಡಿತು. ಶಿಗ್ಗಾವಿಯ ಗೆಳೆಯ ಫೋಟೋ ಕಳಿಸಿದ್ದ. ಇವರು ಅದನ್ನು ನೋಡಿದರು, ತಮ್ಮ ಪರದೆ ನೋಡಿದರು. ಸ್ವಲ್ಪ ದೂರ ಹೋಗಿ ಬೇವಿನ ಮರದ ಕೆಳಗೆ ಕಾರು ನಿಲ್ಲಿಸಿದರು.

"ಅವ್ವಾ, ನೀ ಇಲ್ಲೇ ಇಳದು ಬಸ್ಸಿಗೆ ಬಾ. ಹಿಂದ ಬಸ್ ಬರಾಕತ್ತೈತಿ."

ಅತ್ತೆ ನಕ್ಕರು. "ಏ ಹುಚ್ಚ, ನಗಸಬ್ಯಾಡ. ನಡಿ."

"ನಗಸಾಕತ್ತಿಲ್ಲ. ಅವಂದು ಇಪ್ಪತ್ತೆಂಟು ಬಂದೈತಿ. ಸವಣೂರ ತನಕಾ ಹಗರ ಹೋದರ ನಾ ಅದನ್ನ ದಾಟಿಸ್ತೇನಿ."

ಅತ್ತೆಯ ನಗು ಇನ್ನೂ ಹೋಗಿರಲಿಲ್ಲ. ಅವರು ಬೆರಳನ್ನು ಹಿಂದಕ್ಕೆ ನನ್ನ ಕಡೆ ತೋರಿಸಿ, "ಹಂಗಾರ ಈಕಿನ್ನ ಇಳಸು" ಅಂದರು.

"ಈಕಿ ಇಳದರ ಎಷ್ಟ ಉಳೀತೈತಿ? ಇರೂದ ಇಷ್ಟ. ಭಾರ ಅಂದ್ರ ನಿಂದವಾ."

ಆ ಮಾತು ಕಿವಿಗೆ ಬಿದ್ದಾಗ ನನ್ನೊಳಗೆ ಸಿಹಿಯಾದದ್ದು ಸುಳ್ಳಲ್ಲ. ಇಷ್ಟು ವರ್ಷ ನನ್ನ ಬೆನ್ನಿಗೆ ಬೀಳುತ್ತಿದ್ದದ್ದು ಒಮ್ಮೆಯಾದರೂ ದಾರಿ ತಪ್ಪಿ ಅತ್ತ ಬಿತ್ತಲ್ಲ ಅನ್ನಿಸಿತು. ಅತ್ತೆ ಮಗನ ಮುಖವನ್ನೇ ನೋಡುತ್ತ ಕುಳಿತರು. ಇವರು ಆಚೆಯಿಂದ ಬಾಗಿ ಬಾಗಿಲು ತೆಗೆದರು. ಅತ್ತೆ ಒಂದು ಕಾಲು ಹೊರಗಿಟ್ಟು, ಇನ್ನೊಂದನ್ನು ಎರಡೂ ಕೈಯಿಂದ ಎತ್ತಿ ಹೊರಗಿಟ್ಟು, ಬಾಗಿಲು ಹಿಡಿದು ಎದ್ದು ನಿಂತರು. ನಾನೂ ಇಳಿದೆ. ಅಕ್ಕರೆಯಿಂದ ಅಲ್ಲ. ಮುದುಕಿಯನ್ನು ದಾರಿಯಲ್ಲಿ ಬಿಟ್ಟು ಸೊಸೆ ಕಾರಿನಲ್ಲಿ ಬಂದಳು ಅನ್ನಿಸಿಕೊಳ್ಳುವುದು ನನಗೆ ಬೇಡವಾಗಿತ್ತು. "ಇದು ಇನ್ನೂ ಚಲೋ ಆತು" ಅಂದರು ಇವರು. ಕಾರು ಬ್ಯಾಟರಿಯ ಮೇಲೆ ಹೊರಟಿತು. ಒಂದು ಸದ್ದೂ ಇಲ್ಲ. ಅಷ್ಟು ಸದ್ದಿಲ್ಲದೆ ಹೋದದ್ದರಿಂದ ಅತ್ತೆಗೆ ಅದು ಹೋಯಿತೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಮರದ ಕೆಳಗಿನ ಸೇತುವೆಯ ಕಟ್ಟೆಯ ಮೇಲೆ ಅವರನ್ನು ಕೂರಿಸಿದೆ. ಅವರು ಮೊದಲು ನನ್ನನ್ನೇ ಬೈದರು. "ನೀನ ಅವಗ ಏನರ ಕಿವಿ ಊದಿರಬೇಕು. ಇಲ್ಲಾಂದ್ರ ನನ್ನ ಮಗ ಹಂಗ ಮಾಡಾವಲ್ಲ." ನಾನು ರಸ್ತೆ ನೋಡುತ್ತ ನಿಂತೆ. ಆಮೇಲೆ ಬೇರೆ ದನಿಯಲ್ಲಿ ಕೇಳಿದರು, "ನಾ ಅಷ್ಟ ದಪ್ಪ ಅದೇನೇನ?"

"ಅದೀರಿ" ಅಂದೆ.

ಬಸ್ಸು ಬಂತು. ಬಾಗಿಲ ತನಕ ಹೆಂಗಸರು ತುಂಬಿದ್ದರು. ಮೆಟ್ಟಿಲು ಎತ್ತರ, ಅತ್ತೆಯ ಮೊಣಕಾಲು ಅಲ್ಲಿಗೆ ಏಳಲಿಲ್ಲ. ನಾನು ಹಿಂದಿನಿಂದ ನೂಕಿದೆ, ಮೇಲಿನವಳೊಬ್ಬಳು ಕೈ ಹಿಡಿದು ಎಳೆದಳು, ಅತ್ತೆ ಅಯ್ಯೋ ಎಂದು ಚೀರಿ ಕೈ ಬಿಡಿಸಿಕೊಂಡರು. "ಅಜ್ಜಿ, ಹಿಂದ ಇನ್ನೊಂದ ಐತಿ" ಎಂದು ಹೇಳಿ ಕಂಡಕ್ಟರ್ ಸೀಟಿ ಊದಿದ. ಇನ್ನೊಂದು ಬರಲಿಲ್ಲ. ಕೊನೆಗೆ ಸವಣೂರಿಗೆ ವೀಳ್ಯದೆಲೆ ಸಾಗಿಸುವ ಮೂರು ಗಾಲಿಯ ಟಂಟಂ ಒಂದು ನಿಂತಿತು. ಡ್ರೈವರ್ ಮತ್ತು ನಾನು ಸೇರಿ ಅತ್ತೆಯನ್ನು ಎತ್ತಿ ಹಿಂದೆ ಎಲೆಯ ಪೆಂಡಿಗಳ ನಡುವೆ ಕೂರಿಸಿದೆವು. ಪೆಂಡಿಗಳ ಮೇಲೆ ನೀರು ಚಿಮುಕಿಸಿದ್ದರು. ಸವಣೂರು ಮುಟ್ಟುವ ಹೊತ್ತಿಗೆ ಅತ್ತೆಯ ಇಳಕಲ್ ಸೀರೆ ಹಿಂದೆಲ್ಲ ಒದ್ದೆಯಾಗಿತ್ತು.

ಅವರ ತಂಗಿಯ ಮನೆಯ ಮುಂದೆ ನಮ್ಮ ಕಾರು ನಿಂತಿತ್ತು. ಗಂಡಸರು ಕಿಟಕಿಯೊಳಗೆ ತಲೆ ಹಾಕಿ ಪರದೆ ನೋಡುತ್ತಿದ್ದರು, ಇವರು ವಿವರಿಸುತ್ತಿದ್ದರು. ಟಂಟಂ ಬಂದು ನಿಂತಾಗ ಎಲ್ಲರೂ ಇತ್ತ ತಿರುಗಿದರು. ಅತ್ತೆಯ ತಂಗಿ ಬಾಗಿಲಿಗೆ ಬಂದು, "ಅಕ್ಕಾ! ಮಗನ ಕಾರಿನ್ಯಾಗ ಬರ್ತೇನಿ ಅಂದಾಕಿ ಎಲಿ ಪೆಂಡಿ ಜೋಡಿ ಬಂದೀಯಲ್ಲ?" ಎಂದು ಕೂಗಿದರು.

"ಕಾರಿನ್ಯಾಗ ಹೊಟ್ಟಿ ತೊಳಸಾಕತ್ತಿತ್ತವಾ. ಗಾಳಿಗೆ ಬರೂಣಂತ ನಾನ ಇಳದೆ" ಅಂದರು ಅತ್ತೆ.

ಇವರು ಅಲ್ಲಿಂದಲೇ ನಗುತ್ತ ಹೇಳಿದರು. "ಸುಳ್ಳ ಹೇಳ್ತಾಳ, ಚಿಗವ್ವಾ. ಅವ್ವನ ಭಾರಕ್ಕ ಕಾರ್ ಏಳವಲ್ದಾಗಿತ್ತು. ದಾರ್‍ಯಾಗ ಇಳಿಸಿ ಬಂದೆ. ಈಗ ನೋಡ್ರಿ, ಇಪ್ಪತ್ತೊಂಬತ್ತು!"

ಗಂಡಸರು ನಕ್ಕರು. ಒಳಗಿನ ಹೆಂಗಸರು ನಕ್ಕರು. ಅತ್ತೆ ಒಳಗೆ ಹೋಗಲು ತಿರುಗಿದಾಗ ಅವರ ಒದ್ದೆ ಸೀರೆ ಕಂಡು ಇನ್ನಷ್ಟು ನಕ್ಕರು. ಅತ್ತೆಯೂ ನಕ್ಕರು, ಎಲ್ಲರಿಗಿಂತ ಜೋರಾಗಿ. ಕುಂಚಿಗೆ ಅವರ ಮುಷ್ಟಿಯಲ್ಲಿ ಹಿಂಡಿದ ಹಸೀ ಅರಿವೆಯ ಹಾಗೆ ಮುದುಡಿತ್ತು. ಅದನ್ನು ಕೊಡಿರೆಂದು ಕೇಳಿ ಬಿಡಿಸಿಕೊಂಡು ನಾನೇ ಕೂಸಿಗೆ ಹಾಕಿದೆ.

ಸಂಜೆ ಹೊರಡುವಾಗ ಅತ್ತೆ ಕಾರಿನ ಹತ್ತಿರ ಹೋಗಿ ಬಾಗಿಲು ಮುಟ್ಟದೆ ನಿಂತರು. "ಕುಂಡ್ರಲೇನೋ?" ಎಂದು ಮಗನನ್ನು ಕೇಳಿದರು. ಅವರು ಹಾಗೆ ಕೇಳಿದ್ದು ಅದೇ ಮೊದಲು.

"ಕುಂಡ್ರು, ಕುಂಡ್ರು. ಫೋಟೋ ಕಳಿಸಿ ಆತು."

ಮರುದಿನದಿಂದ ಅವರು ಊಟ ಬಿಡತೊಡಗಿದರು. ಇದು ನನಗೆ ಒಮ್ಮೆಲೇ ತಿಳಿಯಲಿಲ್ಲ. ಎರಡು ರೊಟ್ಟಿ ತಿನ್ನುವವರು ಒಂದು ಸಾಕೆಂದರು, ಆಮೇಲೆ ಅರ್ಧ. ಅನ್ನದ ಪಾತ್ರೆಯನ್ನು ಕೈಯಿಂದ ದೂರ ಸರಿಸುತ್ತಿದ್ದರು. ಬೆಳಗಿನ ಚಹಾಕ್ಕೆ ನೆನೆಸಿಕೊಳ್ಳುವ ಟೋಸ್ಟು ಹೋಯಿತು. ಸವಣೂರಿನಿಂದ ತಂಗಿ ಕಳಿಸಿದ, ಚಹಾದ ಜೊತೆ ತಿನ್ನುವ ಖಾರದ ಪೊಟ್ಟಣ ಕಟ್ಟು ಬಿಚ್ಚದೆ ಉಳಿಯಿತು. ಅಂಗಡಿಗೆ ಬುತ್ತಿ ಒಯ್ದ ದಿನ ನನಗೆ ಗೊತ್ತಾಯಿತು. ಬೀಜದ ಚೀಲ ತೂಗುವ ಕಾಟಾದ ಮೇಲೆ ಅತ್ತೆ ನಿಂತಿದ್ದರು. ಅಕ್ಕಿಆಲೂರಿನಿಂದ ಬಂದ ರೈತರು ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಇವರು ಬಾಗಿ ಅಂಕಿ ಓದಿ, "ಇಳದೈತಿ ಅವ್ವಾ! ಇನ್ನಷ್ಟ ಇಳಿ, ನಿನ್ನ ಶಿಗ್ಗಾವಿಗೆ ಕರಕೊಂಡ ಹೊಕ್ಕೇನಿ" ಅಂದರು. ಅತ್ತೆಯ ಮುಖ ಹಿಗ್ಗಿತು. ಸಾಲೆಯಲ್ಲಿ ಮೊದಲ ನಂಬರ್ ಬಂದ ಹುಡುಗಿಯ ಹಾಗೆ ಕಾಟಾದಿಂದ ಇಳಿದು ಸೆರಗು ಸರಿಮಾಡಿಕೊಂಡರು.

ಅವರಿಗೆ ಶುಗರ್ ಇತ್ತು. ಗುಳಿಗೆಯನ್ನು ಮಾತ್ರ ತಪ್ಪಿಸುತ್ತಿರಲಿಲ್ಲ. ಊಟವಿಲ್ಲದೆ ಗುಳಿಗೆ ನುಂಗಿ ಮಧ್ಯಾಹ್ನ ಬೆವತು ಕೈ ನಡುಗುತ್ತ ಮಲಗುತ್ತಿದ್ದರು. ನಾನು ಅನ್ನ ಕಲಸಿ ತುಪ್ಪ ಹಾಕಿ ಒಯ್ದು, "ಅತ್ತೀ, ಎರಡು ತುತ್ತು ಉಣ್ಣರಿ" ಅಂದೆ. ತಾಟನ್ನು ನೂಕಿದರು. ಅನ್ನ ನೆಲಕ್ಕೆ ಚೆಲ್ಲಿತು.

"ತುಪ್ಪ ಹಾಕಿ ನನ್ನ ದಪ್ಪ ಮಾಡಿ ಮನ್ಯಾಗ ಕುಂಡ್ರಸಬೇಕಂತಿ ಏನ? ಮುಂದಿನ ಸೀಟ ಬೇಕಾಗೇತಿ ನಿನಗ. ನನಗ ತಿಳಿಯಂಗಿಲ್ಲಂತ ಮಾಡೀಯೇನ?"

ಇವರಿಗೆ ಹೇಳಿದೆ. "ಗುಳಿಗಿ ತಗೊಂಡು ಉಣ್ಣಂಗಿಲ್ಲರಿ ಅವರು. ಶುಗರ್ ಕೆಳಗ ಬಿದ್ದು ಏನರ ಆದೀತು. ನೀವರ ಒಂದ ಮಾತ ಹೇಳ್ರಿ."

"ಕಡಿಮಿ ಉಂಡರ ಶುಗರ್‌ಗೆ ಚಲೋನ ಅಲ್ಲೇನು? ನೀನೂ ಕಲಕೋ" ಅಂದರು.

ಆ ನಡುವೆ ಶಿಗ್ಗಾವಿಗೆ ಕರೆದುಕೊಂಡು ಹೋದದ್ದೂ ಆಯಿತು. ಅತ್ತೆ ಮುಂದೆ ಕುಳಿತು, ದಾರಿಯುದ್ದಕ್ಕೂ ಪರದೆಯ ಕಡೆ ಕತ್ತು ಚಾಚಿ, ಅಂಕಿ ಏರಿದಾಗಲೆಲ್ಲ "ಏರಿತು ನೋಡೋ" ಅನ್ನುತ್ತಿದ್ದರು. ಇಳಿದಾಗ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದರು. ಹಾಗೆ ಎಳೆದುಕೊಂಡರೆ ಭಾರ ಕಡಿಮೆಯಾಗುತ್ತದೆ ಎಂದು ಅವರಿಗೆ ಅನ್ನಿಸುತ್ತಿತ್ತೋ ಏನೋ. ಹಿಂದೆ ಕುಳಿತ ನಾನು ಅದನ್ನು ನೋಡಲಾರದೆ ಕಿಟಕಿಯ ಗಾಜಿನತ್ತ ಮುಖ ಮಾಡಿದೆ.

ಒಂದು ಬೆಳಿಗ್ಗೆ ಅಡಿಗೆಮನೆಯ ಹೊಸ್ತಿಲಲ್ಲಿ ಅತ್ತೆ ಬಿದ್ದರು. ಕಣ್ಣು ತೆರೆದೇ ಇದ್ದವು, ಮಾತಿರಲಿಲ್ಲ, ಮೈಯೆಲ್ಲ ನೀರು. ನಾನು ಬಾಯಿಗೆ ಸಕ್ಕರೆ ಸವರುತ್ತ ಇವರನ್ನು ಕೂಗಿದೆ. ಇಬ್ಬರೂ ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಎತ್ತುವಾಗ ಗೊತ್ತಾಯಿತು, ಅಂದು ಟಂಟಂಗೆ ಹತ್ತಿಸಿದ ಮೈ ಅದಲ್ಲ. ಇವರು ಆಗಲೂ ಚಪ್ಪಲಿ ಬಿಚ್ಚಿ ಕುಳಿತರು. ಬಸ್ ನಿಲ್ದಾಣದ ಹತ್ತಿರ ಜನ ಅಡ್ಡ ಬಂದಾಗ ದೂರದಿಂದಲೇ ಕಾಲು ತೆಗೆದು ಕಾರನ್ನು ಜಾರಲು ಬಿಟ್ಟರು. "ಹಾರ್ನ್ ಹೊಡೀರಿ! ಒತ್ರಿ ಕಾಲು!" ಎಂದು ನಾನು ಹಿಂದಿನಿಂದ ಇವರ ಭುಜಕ್ಕೆ ಗುದ್ದಿದೆ. ಮದುವೆಯಾದ ಮೇಲೆ ನಾನು ಇವರಿಗೆ ಹೊಡೆದದ್ದು ಅದೊಂದೇ ಸಲ. ಆಗ ಎಂಜಿನ್ ಎದ್ದಿತು. ಅಷ್ಟು ದಿನ ಕೇಳದಿದ್ದ ಆ ಸದ್ದಿಗೆ ಇವರೇ ಬೆಚ್ಚಿದರು.

ದವಾಖಾನೆಯಲ್ಲಿ ಸಲೈನ್ ಹಚ್ಚಿದ ಮೇಲೆ ಅತ್ತೆಗೆ ಮಾತು ಬಂತು. ಡಾಕ್ಟರಮ್ಮ ಹೊರಗೆ ಬಂದು, ಗುಳಿಗೆ ತಗೊಂಡು ಉಪವಾಸ ಇರಲು ಯಾಕೆ ಬಿಟ್ಟಿರಿ, ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಗದರಿದರು. ಇವರು ನನ್ನ ಕಡೆ ತಿರುಗಿ, ಅಲ್ಲಿದ್ದವರಿಗೆಲ್ಲ ಕೇಳುವಂತೆ, "ನೀ ಮನ್ಯಾಗ ಇದ್ದು ಏನ ಮಾಡಾಕತ್ತಿದ್ದಿ?" ಅಂದರು.

ಮಧ್ಯಾಹ್ನ ಸವಣೂರಿನಿಂದ ಅತ್ತೆಯ ತಂಗಿ ಬಂದರು. ಅಕ್ಕನ ಮುಂಗೈ ಹಿಡಿದು, ಜೋತುಬಿದ್ದ ಚರ್ಮ ಎತ್ತಿ ನೋಡಿ, ಅಳುತ್ತ ಕೇಳಿದರು, "ಸೊಸಿ ಹೊಟ್ಟಿಗೆ ಹಾಕಂಗಿಲ್ಲೇನ ಅಕ್ಕಾ?"

ಅತ್ತೆ ಮೊದಲು ಮಗನನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಂಚದ ಕಾಲ ಬಳಿ ನಿಂತಿದ್ದ ನನ್ನ ಕೈಯಲ್ಲಿ ಅವರಿಗೆಂದೇ ತಂದ ಗಂಜಿಯ ಡಬ್ಬಿ ಇತ್ತು.

"ಹಾಕಂಗಿಲ್ಲವಾ" ಅಂದರು.

ನಾನು ಹೇಳಿದೆ. ಕಾರು, ಅಂಕಿ, ಬೇವಿನ ಮರ, ಕಾಟಾ, ಚೆಲ್ಲಿದ ಅನ್ನ, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟುಕತೆಯಂತೆ ಕೇಳಿಸಿತು. ಅತ್ತೆಯ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕಾರಿನ ಮೈಲೇಜಿಗೆ ಯಾರರ ಉಪಾಸ ಬೀಳ್ತಾರೇನವಾ? ಹೇಳೂದರ ನಂಬೂ ಹಂಗ ಹೇಳು" ಅಂದರು. ನಾನು ಇವರನ್ನು ನೋಡಿದೆ. ಇವರಿಗೆ ಎಲ್ಲ ಗೊತ್ತಿತ್ತು. ಇವರು ಕಿಟಕಿಯಿಂದ ಹೊರಗೆ, ಕಾರು ನಿಂತಲ್ಲಿಗೆ ನೋಡುತ್ತ ನಿಂತರು.

ಸುದ್ದಿ ಊರೆಲ್ಲ ಹರಡಿತು. ಅಂಗಡಿಗೆ ಬರುವವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಎರಡು ದಿನದ ಮೇಲೆ ಹಿರೇಕೆರೂರಿನಿಂದ ಅವ್ವನ ಫೋನ್ ಬಂತು. ಅದೂ ಇದೂ ಮಾತಾಡಿ, ಕೊನೆಗೆ ದನಿ ತಗ್ಗಿಸಿ, "ಮಂದಿ ಅನ್ನೂದು ಖರೇ ಏನವಾ?" ಎಂದು ಕೇಳಿದಳು. ನಾನು ಫೋನ್ ಇಟ್ಟೆ. ಅದರ ಮೇಲೆ ಬಹಳ ದಿನ ಅವಳಿಗೆ ನಾನಾಗಿ ಫೋನ್ ಮಾಡಲಿಲ್ಲ.

ಅತ್ತೆ ಮನೆಗೆ ಬಂದರು. ಈಗ ಉಣ್ಣುತ್ತಾರೆ. ಡಾಕ್ಟರಮ್ಮ ಹೆದರಿಸಿದ್ದಾರೆ. ಮೈ ಮತ್ತೆ ತುಂಬಿಕೊಂಡಿದೆ, ಹಾಗಾಗಿ ಇವರು ಅವರನ್ನು ಮತ್ತೆ ಕಾರಿನಲ್ಲಿ ಕರೆದೊಯ್ಯುವುದಿಲ್ಲ. ಶಿಗ್ಗಾವಿಯ ಗೆಳೆಯ ಬೇಸತ್ತು ತನ್ನ ಕಾರು ಮಾರಿದ. ಇವರು ಈಗ ನಿನ್ನೆಯ ತಮ್ಮ ಅಂಕಿಯ ಜೊತೆಗೇ ಜಿದ್ದಿಗೆ ಬಿದ್ದು ಒಬ್ಬರೇ ಓಡಿಸುತ್ತಾರೆ. ಹಾಗೆ ಇವರು ಹೋದ ಒಂದು ಭಾನುವಾರ ಮನೆಯಲ್ಲಿ ನಾವಿಬ್ಬರೇ ಇದ್ದೆವು. ರೊಟ್ಟಿ ಬಡಿಸುತ್ತ ಕೇಳಿಬಿಟ್ಟೆ.

"ಅತ್ತೀ, ಅವತ್ತ ದವಾಖಾನ್ಯಾಗ ಯಾಕ ಹಂಗ ಹೇಳಿದ್ರಿ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಖರೇ ಹೇಳಿದ್ದರ ನನ್ನ ಮಗನ್ನ ಮಂದಿ ಏನಂತಿದ್ರು?"

"ಮತ್ತ ನನ್ನ ಏನಂದ್ರು?"

"ನೀ ಹೊರಗಿನಾಕಿ" ಅಂದರು. ಅದರಲ್ಲಿ ಸಿಟ್ಟು ಇರಲಿಲ್ಲ. ಉಪ್ಪು ಬೇಕು ಅಂದ ಹಾಗೆ ಅಂದರು. "ನಿನಗ ಅಂದ್ರ ತಡಕೋತಿ. ಇನ್ನೊಂದ ರೊಟ್ಟಿ ಹಾಕು."

ಹಾಕಿದೆ.

ಅತ್ತೆಯ ತಂಗಿ ತಿಂಗಳಿಗೊಮ್ಮೆ ಸವಣೂರಿನಿಂದ ಬರುತ್ತಾರೆ. ಬಂದವರು ಕಾಲು ತೊಳೆದು ನೇರ ಅಡಿಗೆಮನೆಗೆ ಹೋಗುತ್ತಾರೆ. ಅನ್ನದ ಪಾತ್ರೆಯ ಮುಚ್ಚಳ ಎತ್ತುತ್ತಾರೆ, ಪಲ್ಯದ್ದು ಎತ್ತುತ್ತಾರೆ, ರೊಟ್ಟಿಯ ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಳಗೆ ಕೈ ಹಾಕಿ ನೋಡುತ್ತಾರೆ. ನಾನು ಒಲೆಯ ಪಕ್ಕದಲ್ಲೇ ನಿಂತಿರುತ್ತೇನೆ. ಪಡಸಾಲೆಯ ಮಂಚದ ಮೇಲಿನಿಂದ ಅತ್ತೆಗೆ ಇದೆಲ್ಲ ಕಾಣುತ್ತದೆ. ಅವರು ನೋಡುತ್ತ ಕೂರುತ್ತಾರೆ.